ಕಟಿಂಗ್ ಲೆಕ್ಕಕ್ಕೆ ಓಪನ್‌ಸಾಲ್ವರ್: ಫ್ಯಾಬ್ರಿಕೇಶನ್ ಶೆಡ್ಡಿನಿಂದ ಒಂದು ವಿಮರ್ಶೆ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಕಟಿಂಗ್ ಲಿಸ್ಟ್ ಇವತ್ತಿಗೂ ಬಹುಮಟ್ಟಿಗೆ ನೋಟ್‌ಬುಕ್ಕಿನ ಹಾಳೆಯ ಮೇಲೋ ಡ್ರಾಯಿಂಗಿನ ಬೆನ್ನಿನ ಮೇಲೋ ತಯಾರಾಗುತ್ತದೆ. ಒಟ್ಟು ಎಷ್ಟು ಮೀಟರ್ ಆಂಗಲ್ (L ಆಕಾರದ ಉಕ್ಕಿನ ಪಟ್ಟಿ) ಬೇಕು ಎಂದು ಕೂಡಿಸಿ, ಅದು ಡೀಲರಿನಲ್ಲಿ 6 ಮೀಟರಿನ ಲೆಂತ್‌ಗಳಾಗಿ, ಅಂದರೆ ಇಡೀ ಉದ್ದಗಳಾಗಿ, ಬರುವುದರಿಂದ ಆರರಿಂದ ಭಾಗಿಸಿ, ವೇಸ್ಟೇಜಿಗೆಂದು ಶೇಕಡಾ 5ನ್ನೋ 10ನ್ನೋ ಸೇರಿಸಿ ಡೀಲರಿಗೆ ಆರ್ಡರ್ ಕೊಡುವುದು ವಾಡಿಕೆ. ಹೀಗೆ ಸೇರಿಸಿದ ಶೇಕಡಾವಾರು ನಿಜವಾಗಿ ಬೇಕಿತ್ತೇ ಎಂಬುದನ್ನು ಕೆಲಸ ಮುಗಿದ ಮೇಲೆ ಯಾರೂ ತಿರುಗಿ ನೋಡುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಆ ಉಕ್ಕು ಗುಜರಿಯ ರಾಶಿಗೆ ಸೇರಿರುತ್ತದೆ. ಈ ಲೆಕ್ಕವನ್ನು ಸರಿಯಾಗಿ ಮಾಡಿಕೊಡಬಲ್ಲ ಉಚಿತ ಸಾಧನವೊಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅದರ ಹೆಸರು ಓಪನ್‌ಸಾಲ್ವರ್. ಎಕ್ಸೆಲ್ ಹಾಳೆಯಲ್ಲಿ ಕೋಷ್ಟಕ ಮಾಡಿ ಅಭ್ಯಾಸವಿರುವವರಿಗೆ ಇದು ತುಂಬ ಒಳ್ಳೆಯ ಸಾಧನವೆಂದೂ, ಎಕ್ಸೆಲ್ ಎಂದರೆ ಬಿಲ್ ಟೈಪ್ ಮಾಡುವ ಜಾಗ ಎಂದುಕೊಂಡಿರುವವರಿಗೆ ಇದು ಸುಲಭಕ್ಕೆ ಒಗ್ಗುವುದಿಲ್ಲವೆಂದೂ ನನ್ನ ಅಭಿಪ್ರಾಯ.

ಓಪನ್‌ಸಾಲ್ವರ್ ಪ್ರತ್ಯೇಕ ತಂತ್ರಾಂಶವಲ್ಲ, ಎಕ್ಸೆಲ್ಲಿಗೆ ಸೇರಿಸಿಕೊಳ್ಳುವ ಒಂದು ಆಡ್-ಇನ್. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಸೈನ್ಸ್ ವಿಭಾಗದಲ್ಲಿ ಆಂಡ್ರ್ಯೂ ಮೇಸನ್ ಮತ್ತು ಅವರ ವಿದ್ಯಾರ್ಥಿಗಳು ಇದನ್ನು ರೂಪಿಸಿದ್ದಾರೆ. ಮುಕ್ತ ತಂತ್ರಾಂಶವಾದ್ದರಿಂದ ಪರವಾನಗಿ ಶುಲ್ಕವಿಲ್ಲ. ಲೆಕ್ಕ ಬಿಡಿಸುವ ಎಂಜಿನ್ ಸಿಬಿಸಿ ಎಂಬುದು, ಇದೂ ಮುಕ್ತವೇ, ಆಡ್-ಇನ್ ಜೊತೆಗೇ ಬರುತ್ತದೆ. ಲೆಕ್ಕವೆಲ್ಲ ನಮ್ಮ ಕಂಪ್ಯೂಟರಿನಲ್ಲೇ ನಡೆಯುವುದರಿಂದ ಇಂಟರ್ನೆಟ್ ಬೇಕಿಲ್ಲ, ಗ್ರಾಹಕರ ಡ್ರಾಯಿಂಗಿನ ಅಳತೆಗಳನ್ನು ಯಾವುದೋ ಜಾಲತಾಣಕ್ಕೆ ಏರಿಸುವ ಮುಜುಗರವೂ ಇಲ್ಲ. ಅನುಸ್ಥಾಪನೆ ಸರಳ, ಆದರೆ ಒಂದು ಸಣ್ಣ ತೊಡಕಿದೆ: ಇಳಿಸಿಕೊಂಡ ಜಿಪ್ ಕಡತದ ಪ್ರಾಪರ್ಟೀಸ್ ತೆರೆದು ಅನ್‌ಬ್ಲಾಕ್ ಮಾಡಿದ ನಂತರವೇ ಅದನ್ನು ಬಿಚ್ಚಬೇಕು, ಇಲ್ಲವಾದರೆ ವಿಂಡೋಸ್ ಅದನ್ನು ಅನುಮಾನದಿಂದ ಕಂಡು ತಡೆಹಿಡಿಯುತ್ತದೆ. ಇಷ್ಟಾದರೆ ಎಕ್ಸೆಲ್ಲಿನ ಡೇಟಾ ಟ್ಯಾಬಿನಲ್ಲಿ ಓಪನ್‌ಸಾಲ್ವರಿನ ಗುಂಡಿಗಳು ಬಂದು ಕೂರುತ್ತವೆ.

ಇದರ ಉಪಯೋಗ ಎಲ್ಲಿದೆ ಎಂಬುದು ಒಂದು ಲೆಕ್ಕ ಹಿಡಿದರೆ ಸ್ಪಷ್ಟವಾಗುತ್ತದೆ. ಒಂದು ಶೀಟ್ ಶೆಡ್ಡಿನ ಕೆಲಸಕ್ಕೆ 50×50×6 (ಎರಡು ಬದಿಗಳ ಅಗಲ ಮತ್ತು ದಪ್ಪ, ಮಿ.ಮೀ.ನಲ್ಲಿ) ಆಂಗಲಿನಲ್ಲಿ 2350 ಮಿ.ಮೀ. ಉದ್ದದ 20 ತುಂಡುಗಳೂ 1780 ಮಿ.ಮೀ. ಉದ್ದದ 40 ತುಂಡುಗಳೂ ಬೇಕು ಎಂದುಕೊಳ್ಳೋಣ. ಈ ಆಂಗಲ್ ಮೀಟರಿಗೆ 4.5 ಕೆ.ಜಿ. ತೂಗುತ್ತದೆ, 6 ಮೀಟರಿನ ಒಂದು ಲೆಂತ್ 27 ಕೆ.ಜಿ. ಚಾಪ್ ಸಾ ಎಂಬ ಕತ್ತರಿಸುವ ಯಂತ್ರದ ಚಕ್ರ ಒಂದು ಕಟ್ಟಿಗೆ, ಅಂದರೆ ಒಂದು ಸಲ ಕತ್ತರಿಸುವುದಕ್ಕೆ, 3 ಮಿ.ಮೀ. ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಕಟಿಂಗಿಗೆ ನಿಂತವರು ಸಹಜವಾಗಿ ಮಾಡುವುದು ಉದ್ದದ ತುಂಡನ್ನು ಮೊದಲು ಮುಗಿಸುವುದು. ಹಾಗೆ ಮಾಡಿದರೆ 10 ಲೆಂತ್‌ಗಳಲ್ಲಿ ತಲಾ ಎರಡರಂತೆ 2350ರ ತುಂಡುಗಳು ಮುಗಿದು ಪ್ರತಿಯೊಂದರಲ್ಲೂ 1294 ಮಿ.ಮೀ. ಉಳಿಯುತ್ತದೆ, ಅದರಲ್ಲಿ 1780 ಬರುವುದಿಲ್ಲ. ಚಿಕ್ಕವು ಲೆಂತ್‌ಗೆ ಮೂರರಂತೆ ಇನ್ನೂ 14 ಲೆಂತ್ ಕೇಳುತ್ತವೆ. ಒಟ್ಟು 24. ಅದೇ ಪ್ರತಿ ಲೆಂತ್‌ನಲ್ಲಿ ಒಂದು ಉದ್ದದ್ದು ಮತ್ತು ಎರಡು ಚಿಕ್ಕವು ತೆಗೆದರೆ ಬರೇ 81 ಮಿ.ಮೀ. ಉಳಿದು 20 ಲೆಂತ್‌ಗಳಲ್ಲಿ ಕೆಲಸ ಮುಗಿಯುತ್ತದೆ. ವ್ಯತ್ಯಾಸ 4 ಲೆಂತ್, ಅಂದರೆ 108 ಕೆ.ಜಿ. ತುಂಡುಗಳ ನಿವ್ವಳ ತೂಕ 531.9 ಕೆ.ಜಿ. ಇರುವಾಗ ಒಂದು ಕ್ರಮದಲ್ಲಿ 648 ಕೆ.ಜಿ. ಕೊಳ್ಳಬೇಕಾಗುತ್ತದೆ, ಇನ್ನೊಂದರಲ್ಲಿ 540. ಎರಡರಲ್ಲೂ ಗರಗಸ ಅದೇ, ಕೆಲಸಗಾರ ಅದೇ, ಕಟ್ಟುಗಳ ಸಂಖ್ಯೆಯೂ ಅದೇ.

ಎರಡೇ ಅಳತೆಗಳಿದ್ದಾಗ ಇದನ್ನು ಅನುಭವಿ ಫಿಟ್ಟರ್ ಟೇಪು ಹಿಡಿಯುವ ಮೊದಲೇ ಹೇಳಿಬಿಡುತ್ತಾನೆ, ಅದಕ್ಕೆ ಕಂಪ್ಯೂಟರ್ ಬೇಕಿಲ್ಲ. ಅಳತೆಗಳು ಆರೋ ಏಳೋ ಆದಾಗ, ಅದರಲ್ಲೂ ಒಂದೊಂದರ ಸಂಖ್ಯೆ ಒಂದೊಂದು ರೀತಿ ಇದ್ದಾಗ, ಯಾರ ತಲೆಗೂ ಎಲ್ಲ ಜೋಡಣೆಗಳು ಒಟ್ಟಿಗೆ ಸಿಗುವುದಿಲ್ಲ. ಓಪನ್‌ಸಾಲ್ವರ್ ಬೇಕಾಗುವುದು ಅಲ್ಲಿ.

ಹಾಳೆಯನ್ನು ಕಟ್ಟುವ ಕ್ರಮ ಹೀಗಿದೆ. ಒಂದು ಲೆಂತ್‌ನಿಂದ ಯಾವ ಯಾವ ತುಂಡು ಎಷ್ಟೆಷ್ಟು ತೆಗೆಯಬಹುದು ಎಂಬ ಪ್ರತಿ ಜೋಡಣೆಗೂ ಒಂದು ಕಂಬಸಾಲು. ಇದನ್ನು ಪ್ಯಾಟರ್ನ್ ಎನ್ನೋಣ. ಪ್ರತಿ ಅಳತೆಗೂ ಒಂದು ಅಡ್ಡಸಾಲು. ಪ್ರತಿ ಪ್ಯಾಟರ್ನಿನ ಕೆಳಗೆ ಒಂದು ಖಾಲಿ ಕೋಶ, ಆ ಪ್ಯಾಟರ್ನಿನಲ್ಲಿ ಎಷ್ಟು ಲೆಂತ್ ಕತ್ತರಿಸಬೇಕೆಂಬುದು ಅಲ್ಲಿ ಬರುತ್ತದೆ. ಸಮ್‌ಪ್ರಾಡಕ್ಟ್ ಸೂತ್ರದಿಂದ ಪ್ರತಿ ಅಳತೆಯ ಒಟ್ಟು ತುಂಡುಗಳನ್ನು ಎಣಿಸಿ, ಅದು ಬೇಡಿಕೆಗಿಂತ ಕಡಿಮೆಯಾಗಬಾರದು ಎಂದು ಷರತ್ತು ಹಾಕಬೇಕು. ಖಾಲಿ ಕೋಶಗಳಲ್ಲಿ ಪೂರ್ಣಾಂಕವೇ ಬರಬೇಕೆಂದು ಇನ್ನೊಂದು ಷರತ್ತು. ಗುರಿ, ಒಟ್ಟು ಲೆಂತ್‌ಗಳ ಸಂಖ್ಯೆ ಕನಿಷ್ಠವಾಗಬೇಕು ಎಂಬುದು. ಚಕ್ರ ತಿನ್ನುವ 3 ಮಿ.ಮೀ. ಲೆಕ್ಕಕ್ಕೆ ಒಂದು ಸುಲಭ ಉಪಾಯವಿದೆ: ಪ್ರತಿ ತುಂಡಿಗೂ 3 ಸೇರಿಸಿ, ಲೆಂತ್‌ಗೂ 3 ಸೇರಿಸಿ 6003 ಎಂದು ಹಿಡಿದರೆ, ಕೊನೆಯ ತುಂಡಿಗೆ ಕಟ್ಟು ಬೇಕಾದರೂ ಬೇಡವಾದರೂ ಲೆಕ್ಕ ಸರಿಹೋಗುತ್ತದೆ. ಹೀಗೆ ಕಟ್ಟಿದ ಲೆಕ್ಕದ, ಅಂದರೆ ಮಾದರಿಯ, ಸೂತ್ರಗಳಲ್ಲಿ ಇಫ್ ಅಥವಾ ರೌಂಡ್‌ಅಪ್ ಬಳಸಬಾರದು. ಸರಳರೇಖೀಯವಲ್ಲದ, ಅಂದರೆ ಕೋಶಗಳನ್ನು ನಿಗದಿತ ಸಂಖ್ಯೆಗಳಿಂದ ಗುಣಿಸಿ ಕೂಡಿಸುವುದಷ್ಟೇ ಅಲ್ಲದ, ಸೂತ್ರ ಸಿಕ್ಕರೆ ಓಪನ್‌ಸಾಲ್ವರ್ ಎಚ್ಚರಿಕೆ ಕೊಡುತ್ತದೆ, ಆ ಎಚ್ಚರಿಕೆಯನ್ನು ಕಡೆಗಣಿಸಬಾರದು.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಮಾದರಿಯನ್ನು ಹಾಳೆಯ ಮೇಲೇ ಬಣ್ಣದ ಚೌಕಟ್ಟುಗಳಲ್ಲಿ ತೋರಿಸುವ ಸೌಲಭ್ಯ. ಯಾವ ಕೋಶಗಳನ್ನು ಅದು ಬದಲಿಸುತ್ತದೆ, ಗುರಿ ಯಾವುದು, ಯಾವ ಷರತ್ತು ಯಾವ ಸಾಲಿಗೆ ಅಂಟಿದೆ ಎಂಬುದೆಲ್ಲ ಒಂದೇ ನೋಟಕ್ಕೆ ಕಾಣುತ್ತದೆ. ಎಕ್ಸೆಲ್ಲಿನ ಸ್ವಂತ ಸಾಲ್ವರಿನಲ್ಲಿ ಇವೆಲ್ಲ ಒಂದು ಸಣ್ಣ ಪೆಟ್ಟಿಗೆಯೊಳಗೆ ಕೋಶಗಳ ಹೆಸರಿನ ಪಟ್ಟಿಯಾಗಿ ಕೂತಿರುತ್ತವೆ. ಹೊಸ ಅಳತೆಗೆಂದು ಒಂದು ಸಾಲು ಸೇರಿಸಿದಾಗ ಷರತ್ತು ಅಲ್ಲಿಯವರೆಗೆ ಹಬ್ಬಿದೆಯೇ ಇಲ್ಲವೇ ಎಂದು ಆ ಪಟ್ಟಿಯನ್ನು ಓದಿ ತಿಳಿಯುವುದು ಕಷ್ಟ. ಚೌಕಟ್ಟು ಕಣ್ಣಿಗೆ ಕಾಣುತ್ತಿದ್ದರೆ ಬಿಟ್ಟುಹೋದ ಸಾಲು ತಾನೇ ಎದ್ದು ತೋರುತ್ತದೆ.

ಮೇಲಿನ ಉದಾಹರಣೆಗೇ ಮೂರನೆಯ ಅಳತೆಯೊಂದನ್ನು ಸೇರಿಸಿ ನೋಡಬಹುದು. 2350ರ ತುಂಡು 30, 1780ರದ್ದು 24, 1240ರದ್ದು 40. ಇನ್ನೊಂದು ತುಂಡೂ ಹಿಡಿಸದಷ್ಟು ತುಂಬಿದ ಪ್ಯಾಟರ್ನುಗಳು ಇಲ್ಲಿ ಎಂಟೇ ಎಂಟು. ಒಂದೊಂದು ಅಳತೆಯನ್ನು ಬೇರೆ ಬೇರೆ ಲೆಂತ್‌ಗಳಿಂದ ತೆಗೆದರೆ 15, 8, 10, ಒಟ್ಟು 33 ಲೆಂತ್. ಉದ್ದದ್ದನ್ನು ಮೊದಲು ಕತ್ತರಿಸಿ, ಉಳಿದುದರಲ್ಲಿ ಹಿಡಿಸುವ ಚಿಕ್ಕದನ್ನು ತೆಗೆಯುತ್ತ ಹೋದರೆ 30. ಓಪನ್‌ಸಾಲ್ವರ್ ಕೊಡುವ ಉತ್ತರ 29. ಎರಡು ಉದ್ದದ್ದಕ್ಕೆ ಒಂದು 1240 ಸೇರಿದ ಪ್ಯಾಟರ್ನ್ 11 ಲೆಂತ್, ಒಂದು ಉದ್ದದ್ದಕ್ಕೆ ಎರಡು 1780 ಸೇರಿದ್ದು 8, ಒಂದು 1780ಕ್ಕೆ ಮೂರು 1240 ಸೇರಿದ್ದು 10. ಪೂರ್ಣಾಂಕದ ಷರತ್ತನ್ನು ಸಡಿಲಿಸಿ ಬಿಡಿಸಿದರೆ 28.15 ಬರುತ್ತದೆ, ಅಂದರೆ 28 ಲೆಂತ್‌ಗಳಲ್ಲಿ ಮುಗಿಸುವ ಜೋಡಣೆ ಇಲ್ಲವೇ ಇಲ್ಲ.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಬುದ್ಧಿವಂತಿಕೆಯಿಂದ ಕತ್ತರಿಸುವ ಕೆಲಸಗಾರನಿಗೂ ಸಾಧನಕ್ಕೂ ಈ ಉದಾಹರಣೆಯಲ್ಲಿರುವ ಅಂತರ ಒಂದೇ ಲೆಂತ್. ತಂತ್ರಾಂಶ ಬಂದೊಡನೆ ವೇಸ್ಟೇಜ್ ಅರ್ಧಕ್ಕಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ, ಮೊದಲು ಅವರ ಶೆಡ್ಡಿನಲ್ಲಿ ಹೇಗೆ ಕತ್ತರಿಸುತ್ತಿದ್ದರು ಎಂದು ಕೇಳಬೇಕು. ಅಳತೆಗೊಂದು ರಾಶಿ ಮಾಡಿಕೊಂಡು ಕತ್ತರಿಸುತ್ತಿದ್ದ ಕಡೆ ಲಾಭ ದೊಡ್ಡದು, ಒಳ್ಳೆಯ ಫಿಟ್ಟರ್ ಇರುವ ಕಡೆ ಸಣ್ಣದು. ಆದರೆ ಅಂತರ ಒಂದೇ ಲೆಂತ್ ಇದ್ದಾಗಲೂ ಉಳಿಕೆಯ ಸ್ವರೂಪ ಬೇರೆಯಾಗುತ್ತದೆ. 30 ಲೆಂತ್‌ಗಳ ಕ್ರಮದಲ್ಲಿ 651 ಮಿ.ಮೀ.ನ ಎಂಟು ತುಂಡುಗಳೂ 1028 ಮಿ.ಮೀ.ನ ಆರು ತುಂಡುಗಳೂ ಉಳಿದು, ಅತ್ತ ಎಸೆಯಲೂ ಆಗದೆ ಇತ್ತ ಬಳಸಲೂ ಆಗದೆ ಗೋಡೆಗೆ ಒರಗಿಕೊಂಡು ವರ್ಷಗಟ್ಟಲೆ ನಿಲ್ಲುತ್ತವೆ. 29ರ ಉತ್ತರದಲ್ಲಿ 1780ರ ಎರಡು ಮತ್ತು 1240ರ ಒಂದು ತುಂಡು ಬೇಡಿಕೆಗಿಂತ ಹೆಚ್ಚಾಗಿ ಬಂದಿವೆ. ಅವನ್ನು ಕತ್ತರಿಸದೆ ಬಿಟ್ಟರೆ ಕೊನೆಯ ಲೆಂತ್‌ನಲ್ಲಿ 3514 ಮಿ.ಮೀ., ಅದರ ಹಿಂದಿನದರಲ್ಲಿ 2271 ಮಿ.ಮೀ. ಇಡಿಯಾಗಿ ಉಳಿದು ರ‍್ಯಾಕಿಗೆ ಹೋಗುತ್ತವೆ. ಅದೇ ಪ್ಯಾಟರ್ನಿನ ಹಿಂದಿನ ಎಂಟು ಲೆಂತ್‌ಗಳ ಕೊನೆಯಲ್ಲಿ ಉಳಿಯುವ 488 ಮಿ.ಮೀ.ನಲ್ಲಿ 100 ಮಿ.ಮೀ.ನ ನಾಲ್ಕು ನಾಲ್ಕು ಭಾಗಗಳನ್ನು ಹಿಡಿದಿಡುವ ಚಿಕ್ಕ ತುಂಡುಗಳು, ಅಂದರೆ ಕ್ಲೀಟ್‌ಗಳು ಬರುತ್ತವೆ, ಶೆಡ್ಡಿನ ಕೆಲಸದಲ್ಲಿ ಕ್ಲೀಟ್ ಬೇಡವೆನ್ನುವವರು ಯಾರು? ಹೆಚ್ಚುವರಿ ತುಂಡನ್ನು ಕತ್ತರಿಸಬಾರದು ಎಂಬ ಈ ಕೊನೆಯ ವಿವೇಕ ಮಾತ್ರ ನಮ್ಮದೇ. ಬೇಡಿಕೆಗಿಂತ ಕಡಿಮೆಯಾಗಬಾರದು ಎಂದಷ್ಟೇ ಹೇಳಿರುವುದರಿಂದ ಓಪನ್‌ಸಾಲ್ವರ್ ಆ ತುಂಡುಗಳನ್ನೂ ಪಟ್ಟಿಯಲ್ಲಿ ಸೇರಿಸಿಯೇ ಕೊಡುತ್ತದೆ.

ಎಕ್ಸೆಲ್ಲಿನಲ್ಲಿ ಮೊದಲೇ ಇರುವ ಸಾಲ್ವರ್ ಸಾಲದೇ ಎಂಬ ಪ್ರಶ್ನೆ ಸಹಜ. ಸಣ್ಣ ಲೆಕ್ಕಗಳಿಗೆ ಸಾಕು. ಆದರೆ ಅದರಲ್ಲಿ ಬದಲಾಗುವ ಕೋಶಗಳು 200ರ ಮಿತಿ ದಾಟುವಂತಿಲ್ಲ, ಓಪನ್‌ಸಾಲ್ವರಿನಲ್ಲಿ ಅಂಥ ಕೃತಕ ಮಿತಿಯಿಲ್ಲ. ಇದಕ್ಕಿಂತ ಸೂಕ್ಷ್ಮವಾದ ವಿಷಯ ಇನ್ನೊಂದಿದೆ. ಎಕ್ಸೆಲ್ ಸಾಲ್ವರಿನಲ್ಲಿ ಪೂರ್ಣಾಂಕದ ಉತ್ತರ ಅತ್ಯುತ್ತಮಕ್ಕಿಂತ ಶೇಕಡಾ 1ರ ಒಳಗೆ ಬಂದರೆ ಅಲ್ಲಿಗೇ ನಿಲ್ಲಿಸುವ ಸೆಟ್ಟಿಂಗ್ ತಾನಾಗಿಯೇ ಇರುತ್ತದೆ. 29 ಲೆಂತ್‌ಗಳ ಕೆಲಸದಲ್ಲಿ ಅದರಿಂದ ಏನೂ ಆಗದು. 400 ಲೆಂತ್‌ಗಳ ಕೆಲಸದಲ್ಲಿ ಶೇಕಡಾ 1 ಎಂದರೆ 4 ಲೆಂತ್, ಮೇಲಿನ ಆಂಗಲಿನಲ್ಲೇ ಆದರೂ ಒಂದು ಕ್ವಿಂಟಲಿಗಿಂತ ಹೆಚ್ಚು. ಓಪನ್‌ಸಾಲ್ವರಿನಲ್ಲಿಯೂ ಇಂಥದೊಂದು ಸಹನಮಿತಿಯ ಸೆಟ್ಟಿಂಗ್ ಇದೆ. ಯಾವುದನ್ನೇ ಬಳಸಿದರೂ ಮೊದಲು ಅದನ್ನು ಸೊನ್ನೆಗೆ ಇಳಿಸಿ ನಂತರ ಬಿಡಿಸುವುದು ಒಳ್ಳೆಯದು.

ಕ್ವಿಕ್ ಸಾಲ್ವ್ ಎಂಬ ಸೌಲಭ್ಯವೂ ನಮ್ಮ ಕಸುಬಿಗೆ ಹೇಳಿ ಮಾಡಿಸಿದಂತಿದೆ. ಗ್ರಾಹಕರು ಅಳತೆಯನ್ನು ಹಾಗೇ ಉಳಿಸಿ ಸಂಖ್ಯೆಯನ್ನು ಮಾತ್ರ ಬದಲಿಸುವುದು ನಿತ್ಯದ ಕಥೆ. ಬೇಡಿಕೆಯ ಕೋಶಗಳನ್ನು ಮೊದಲೇ ಗುರುತಿಸಿಟ್ಟಿದ್ದರೆ, ಸಂಖ್ಯೆ ತಿದ್ದಿದ ಮೇಲೆ ಮಾದರಿಯನ್ನು ಮೊದಲಿನಿಂದ ಕಟ್ಟದೆ ಒಡನೆಯೇ ಹೊಸ ಉತ್ತರ ಪಡೆಯಬಹುದು.

ಇನ್ನು ದೊಡ್ಡ ಕೊರತೆಯ ವಿಷಯ. ಓಪನ್‌ಸಾಲ್ವರಿಗೆ ಉಕ್ಕು, ಗರಗಸ, ಲೆಂತ್ ಯಾವುದೂ ಗೊತ್ತಿಲ್ಲ. ಪ್ಯಾಟರ್ನುಗಳನ್ನು ಅದು ತಾನಾಗಿ ಹುಟ್ಟಿಸುವುದಿಲ್ಲ, ನಾವೇ ಬರೆದು ಕೊಡಬೇಕು. ಮೂರು ಅಳತೆಗೆ ಎಂಟು ಪ್ಯಾಟರ್ನು ಬರೆಯುವುದು ಹತ್ತು ನಿಮಿಷದ ಮಾತು. ಏಳು ಅಳತೆಗಳಲ್ಲಿ ಒಂದೆರಡು 300 ಮಿ.ಮೀ.ಗಿಂತ ಚಿಕ್ಕವಾಗಿದ್ದರೆ ಪ್ಯಾಟರ್ನುಗಳ ಸಂಖ್ಯೆ ಕೈಯಲ್ಲಿ ಬರೆಯಲಾಗದಷ್ಟು ಬೆಳೆಯುತ್ತದೆ, ಒಂದನ್ನು ಬಿಟ್ಟರೂ ಸಿಗುವ ಉತ್ತರ ಅತ್ಯುತ್ತಮವೆಂಬ ಭರವಸೆ ಹೋಗುತ್ತದೆ. ಒಂದು ಸಣ್ಣ ಮ್ಯಾಕ್ರೋ ಬರೆದು ಪ್ಯಾಟರ್ನುಗಳನ್ನು ಸಾಲಾಗಿ ಇಳಿಸಿಕೊಳ್ಳಬಹುದು, ಅಥವಾ ಚಿಕ್ಕ ತುಂಡುಗಳನ್ನು ಮಾದರಿಯಿಂದ ಹೊರಗಿಟ್ಟು ಉಳಿಕೆಯಲ್ಲಿ ತೆಗೆಯಬಹುದು. ನಾನು ಶಿಫಾರಸು ಮಾಡುವುದು ಎರಡನೆಯದನ್ನು. ಕ್ಲೀಟು, ಗಸೆಟ್ಟಿನ ಪಕ್ಕದ ಸ್ಟಿಫ್ನರು, ಬೇಸ್ ಆಂಗಲು ಇಂಥ ಚಿಕ್ಕ ತುಂಡುಗಳನ್ನೆಲ್ಲ ಮುಖ್ಯ ಲೆಕ್ಕದಲ್ಲಿ ತುರುಕಿದರೆ ಹಾಳೆ ಉಬ್ಬುತ್ತದೆಯೇ ಹೊರತು ಲೆಂತ್ ಉಳಿಯುವುದು ಅಪರೂಪ.

ಪ್ಯಾಟರ್ನು ಬರೆಯದೆ, ಒಂದೊಂದು ಲೆಂತ್‌ಗೂ ಒಂದೊಂದು ಕಂಬಸಾಲು ಕೊಟ್ಟು ಯಾವ ತುಂಡು ಯಾವ ಲೆಂತ್‌ಗೆ ಎಂದು ಕೇಳುವ ಇನ್ನೊಂದು ವಿಧಾನವೂ ಇದೆ. ಬರೆಯಲು ಸುಲಭ, ಆದರೆ 7 ಅಳತೆ, 30 ಲೆಂತ್ ಎಂದರೆ 210 ಕೋಶ, ಲೆಂತ್ ಬಳಕೆಯಾಯಿತೇ ಎಂದು ಗುರುತಿಸಲು ಇನ್ನೂ 30. ಎಕ್ಸೆಲ್ಲಿನ ಮಿತಿ ಅಲ್ಲಿಗೇ ಮುಗಿಯಿತು. ಓಪನ್‌ಸಾಲ್ವರ್ ಅದನ್ನು ಸ್ವೀಕರಿಸುತ್ತದೆ, ಆದರೆ ಎಲ್ಲ ಲೆಂತ್‌ಗಳೂ ಒಂದೇ ಬಗೆಯವಾದ್ದರಿಂದ ಒಂದೇ ಉತ್ತರವನ್ನು ಹೆಸರು ಅದಲುಬದಲು ಮಾಡಿ ಮತ್ತೆ ಮತ್ತೆ ಪರೀಕ್ಷಿಸುತ್ತ ಎಂಜಿನ್ ಬಹಳ ಹೊತ್ತು ಸುತ್ತಬಹುದು. ಇದು ಈ ಸಾಧನದ ದೋಷವೇನಲ್ಲ, ಲೆಕ್ಕದ ಸ್ವಭಾವವೇ ಹಾಗೆ. ಲಿಯೊನಿದ್ ಕಾಂತರೋವಿಚ್ 1939ರಲ್ಲಿ ಲೆನಿನ್‌ಗ್ರಾಡಿನಲ್ಲಿ ಪ್ಲೈವುಡ್ ಉದ್ಯಮದ ಲೆಕ್ಕಗಳಿಂದ ಹೊರಟು ಉತ್ಪಾದನೆಯ ಯೋಜನೆಯ ಬಗ್ಗೆ ಬರೆದ ಕೃತಿಯಲ್ಲಿ ಕಚ್ಚಾಮಾಲನ್ನು ಕಡಿಮೆ ನಷ್ಟದಲ್ಲಿ ಕತ್ತರಿಸುವ ಪ್ರಶ್ನೆಯೂ ಇತ್ತು, ಮುಂದೆ 1975ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾಲಾಯಿತು. ಪ್ಯಾಟರ್ನುಗಳನ್ನೆಲ್ಲ ಮೊದಲೇ ಬರೆಯದೆ, ಬೇಕಾದಂತೆ ಒಂದೊಂದನ್ನೇ ಹುಟ್ಟಿಸುತ್ತ ಹೋಗುವ ಉಪಾಯವನ್ನು ಪಾಲ್ ಗಿಲ್ಮೋರ್ ಮತ್ತು ರಾಲ್ಫ್ ಗೊಮೊರಿ 1961ರಲ್ಲಿ ಪ್ರಕಟಿಸಿದರು. ಓಪನ್‌ಸಾಲ್ವರಿನ ಒಂದು ಗುಂಡಿಯಲ್ಲಿ ಆ ಉಪಾಯ ಸಿಗುವಂತಿದ್ದರೆ ನಮ್ಮಂಥವರಿಗೆ ಇನ್ನೇನೂ ಬೇಕಿರಲಿಲ್ಲ.

ಸಾಧನ ಎಷ್ಟೇ ಒಳ್ಳೆಯದಿದ್ದರೂ ಕೊಡುವ ಅಳತೆ ನಿಜವಾಗಿರಬೇಕು. ಕಾಗದದಲ್ಲಿ 6 ಮೀಟರ್ ಎಂದಿರುವ ಲೆಂತ್ ಟೇಪಿಗೆ ಅಷ್ಟೇ ಸಿಗುತ್ತದೆಂದು ಹೇಳಲಾಗದು. ಕೆಲವು ಬಂಡಲುಗಳಲ್ಲಿ ಒಂದಿಷ್ಟು ಹೆಚ್ಚು, ಕೆಲವು ಕಡೆ ಕಡಿಮೆ. ಆಂಗಲಿನ ತುದಿ ಸೊಟ್ಟಗಿದ್ದರೆ ಅಥವಾ ಜಜ್ಜಿಹೋಗಿದ್ದರೆ 5ರಿಂದ 10 ಮಿ.ಮೀ. ಮೊದಲೇ ಸವರಿ ಹಾಕಬೇಕಾಗುತ್ತದೆ. 81 ಮಿ.ಮೀ. ಉಳಿಯುವ ಪ್ಯಾಟರ್ನು ಇಂಥದ್ದನ್ನು ತಡೆದುಕೊಳ್ಳುತ್ತದೆ. 4 ಮಿ.ಮೀ. ಉಳಿಯುವ ಪ್ಯಾಟರ್ನು ಕಾಗದದ ಮೇಲೆ ಸುಂದರ, ಚಾಪ್ ಸಾ ಮುಂದೆ ಕೊನೆಯ ತುಂಡು ಗಿಡ್ಡ. ಆದ್ದರಿಂದ ಲೆಂತನ್ನು 6000 ಎನ್ನದೆ 5985 ಎಂದು ಹಿಡಿದು ಬಿಡಿಸುವುದು ನನ್ನ ಪದ್ಧತಿ. ಗರಗಸದ ದಪ್ಪವೂ ಅಷ್ಟೇ ಮುಖ್ಯ. 355 ಮಿ.ಮೀ.ನ ಚಾಪ್ ಸಾ ಚಕ್ರ ಸುಮಾರು 3 ಮಿ.ಮೀ. ತಿಂದರೆ ಬ್ಯಾಂಡ್ ಸಾ ಬ್ಲೇಡು ಸುಮಾರು ಒಂದೂವರೆ ಮಿ.ಮೀ. ತಿನ್ನುತ್ತದೆ. ಉದ್ದದ ತುಂಡುಗಳಲ್ಲಿ ಈ ವ್ಯತ್ಯಾಸ ಗಣನೆಗೆ ಬಾರದು. 100 ಮಿ.ಮೀ.ನ ಕ್ಲೀಟುಗಳನ್ನೇ ಒಂದು ಲೆಂತ್‌ನಿಂದ ತೆಗೆದರೆ ಚಾಪ್ ಸಾದಲ್ಲಿ 58, ಬ್ಯಾಂಡ್ ಸಾದಲ್ಲಿ 59. ಒಂದು ಕ್ಲೀಟಿನ ಉಳಿತಾಯಕ್ಕೆಂದು ಯಾರೂ ಬ್ಯಾಂಡ್ ಸಾ ಕೊಳ್ಳುವುದಿಲ್ಲ ಎಂಬುದು ಬೇರೆ ಮಾತು.

ರ‍್ಯಾಕಿನಲ್ಲಿರುವ ಹಳೆಯ ಉಳಿಕೆಗಳನ್ನೂ ಈ ಹಾಳೆಯಲ್ಲಿ ಸೇರಿಸಬಹುದು ಎಂಬುದು ಇದರ ದೊಡ್ಡ ಗುಣ. 3514 ಮಿ.ಮೀ.ನ ತುಂಡು ಒಂದಿದ್ದರೆ ಅದರಿಂದ ಬರಬಹುದಾದ ಪ್ಯಾಟರ್ನುಗಳಿಗೆ ಬೇರೆ ಕಂಬಸಾಲು ಕೊಟ್ಟು, ಅವೆಲ್ಲವೂ ಸೇರಿ 1ನ್ನು ಮೀರಬಾರದು ಎಂದು ಷರತ್ತು ಹಾಕಿದರೆ ಆಯಿತು. ಕೆಲವು ಸೆಕ್ಷನ್‌ಗಳು 12 ಮೀಟರಿನಲ್ಲೂ ಸಿಗುವಾಗ ಎರಡೂ ಉದ್ದಗಳ ಪ್ಯಾಟರ್ನುಗಳನ್ನು ಬರೆದು, ಲೆಂತ್‌ಗಳ ಸಂಖ್ಯೆಯ ಬದಲು ಒಟ್ಟು ತೂಕವನ್ನು ಕನಿಷ್ಠಗೊಳಿಸಬೇಕು, ಏಕೆಂದರೆ ಡೀಲರ್ ಬಿಲ್ ಹಾಕುವುದು ತೂಕಕ್ಕೆ. 12 ಮೀಟರಿನ ಮಾಲು ತರಲು ಬೇಕಾಗುವ ಗಾಡಿಯ ಬಾಡಿಗೆಯನ್ನೂ ಗುರಿಯ ಸೂತ್ರದಲ್ಲಿ ಸೇರಿಸದಿದ್ದರೆ ಸಿಗುವ ಉತ್ತರ ಕಾಗದದ ಉಳಿತಾಯವಷ್ಟೇ.

ಆದರೆ ಹಳೆಯ ತುಂಡು ಯಾವ ಮಾಲಿನದೆಂದು ಹಾಳೆಗೆ ತಿಳಿಯದು. ಐಎಸ್ 2062 ಎಂಬ ಭಾರತೀಯ ಮಾನಕದ ಉಕ್ಕಿಗೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ (ಕಾರ್ಖಾನೆಯ ಪರೀಕ್ಷಾ ಪತ್ರ) ತೋರಿಸಬೇಕಾದ ಕೆಲಸಗಳಲ್ಲಿ ಉಕ್ಕು ಯಾವ ಕರಗಿಸಿದ ತಂಡದ್ದೆಂದು ಹೇಳುವ ಹೀಟ್ ನಂಬರ್ ಗುರುತಿಲ್ಲದ ಉಳಿಕೆಯನ್ನು ಬಳಸಿದರೆ ಇನ್‌ಸ್ಪೆಕ್ಟರ್ ಮುಂದೆ ಉತ್ತರವಿರುವುದಿಲ್ಲ. ಕತ್ತರಿಸುವ ಮೊದಲೇ ಉಳಿಯುವ ತುದಿಗೆ ನಂಬರ್ ದಾಟಿಸಿ ಬರೆಯುವ ಪದ್ಧತಿ ಇರುವ ಶೆಡ್ಡಿಗೆ ಮಾತ್ರ ಈ ಸೌಲಭ್ಯ ಪೂರ್ತಿ ದಕ್ಕುತ್ತದೆ. ಎರಡು ಉಳಿಕೆಗಳನ್ನು ಬೆಸೆದು ಒಂದು ಉದ್ದ ಮಾಡಿಕೊಳ್ಳುವ ಚಾಳಿ ಗೇಟು, ಗ್ರಿಲ್ಲುಗಳಲ್ಲಿ ನಡೆಯುತ್ತದೆ. ಛಾವಣಿ ಹೊರುವ ಟ್ರಸ್ಸಿನ ಸದಸ್ಯದಲ್ಲಿ ಡಿಸೈನರ್ ಒಪ್ಪದೆ ಎಲ್ಲೆಂದರಲ್ಲಿ ಜೋಡು ಹಾಕುವಂತಿಲ್ಲ.

45 ಡಿಗ್ರಿ ಕಟ್ಟುಗಳಿರುವ ಚೌಕಟ್ಟಿನ ಕೆಲಸದಲ್ಲಿಯೂ ಈ ಹಾಳೆ ಅರ್ಧ ಕುರುಡು. ಸ್ಕ್ವೇರ್ ಟ್ಯೂಬಿನಲ್ಲಿ ಒಂದು ತುಂಡಿನ ಓರೆ ತುದಿ ಮುಂದಿನ ತುಂಡಿನ ಓರೆ ತುದಿಗೆ ಹೊಂದುವಂತೆ ತಿರುಗಿಸಿ ಕತ್ತರಿಸಿದರೆ ಪ್ರತಿ ಜೋಡಿಗೆ ಟ್ಯೂಬಿನ ಅಗಲದಷ್ಟು ಉಳಿಯುತ್ತದೆ. ಓಪನ್‌ಸಾಲ್ವರ್ ಪ್ರತಿ ತುಂಡನ್ನೂ ಹೊರ ಅಳತೆಯಲ್ಲೇ ಹಿಡಿಯುವುದರಿಂದ ಅದರ ಉತ್ತರ ನಿಜಕ್ಕಿಂತ ಸ್ವಲ್ಪ ಹೆಚ್ಚು ಉಕ್ಕು ಕೇಳಬಹುದು. ಪ್ಲೇಟು, ಶೀಟುಗಳಿಗಂತೂ ಇದು ಸಲ್ಲದು, ಉದ್ದ ಅಗಲ ಎರಡೂ ಇರುವ ಲೆಕ್ಕಕ್ಕೆ ಬೇರೆ ಸಾಧನಗಳೇ ಬೇಕು.

ಇನ್ನೊಂದು ಕೊರತೆ ಚಿಕ್ಕದೆನಿಸಿದರೂ ಶೆಡ್ಡಿನಲ್ಲಿ ಅದೇ ದೊಡ್ಡದಾಗುತ್ತದೆ. ಉತ್ತರ ಬರುವುದು ಅಂಕಿಗಳ ಕೋಷ್ಟಕವಾಗಿ. ಅದನ್ನು ಹಾಗೇ ಪ್ರಿಂಟ್ ಮಾಡಿ ಕಟಿಂಗ್ ಹುಡುಗನ ಕೈಗೆ ಕೊಟ್ಟರೆ ಅವನು ಮಡಚಿ ಜೇಬಿಗಿಟ್ಟು ತನ್ನ ರೂಢಿಯಂತೆ ಉದ್ದದ್ದನ್ನು ಮೊದಲು ಮುಗಿಸುತ್ತಾನೆ. ಇಂಚು-ಸೂತದಲ್ಲಿ ಯೋಚಿಸುವ ಹಿರಿಯ ಫಿಟ್ಟರಿಗಂತೂ 1783 ಎಂಬ ಅಂಕಿ ಕಂಡರೆ ಸಿಟ್ಟು ಬರುತ್ತದೆ, ಆ 3 ಎಲ್ಲಿಂದ ಬಂತು ಎಂದು ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಚಕ್ರದ ದಪ್ಪ ಸೇರಿಸಿದ ಅಂಕಿ ಲೆಕ್ಕದ ಹಾಳೆಯಲ್ಲೇ ಇರಬೇಕು, ಕಟಿಂಗ್ ಹಾಳೆಗೆ ಬರಬಾರದು. ಪ್ರತ್ಯೇಕ ಹಾಳೆಯಲ್ಲಿ ‘11 ಲೆಂತ್: 2350, 2350, 1240, ಉಳಿಕೆ ಗುಜರಿ’, ‘8 ಲೆಂತ್: 2350, 1780, 1780, ಉಳಿಕೆ ಗುಜರಿ’, ‘8 ಲೆಂತ್: 1780, 1240, 1240, 1240, ಉಳಿಕೆ ಕ್ಲೀಟಿಗೆ’ ಎಂದು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರುವಂತೆ ಸೂತ್ರ ಬರೆದಿಟ್ಟುಕೊಳ್ಳಬಹುದು. ಕೊನೆಯ ಎರಡು ಲೆಂತ್‌ಗಳಿಗೆ ಪ್ರತ್ಯೇಕ ಸಾಲು, ಮುಂದೆ ‘ಉಳಿದದ್ದು ರ‍್ಯಾಕಿಗೆ’ ಎಂಬ ಸೂಚನೆ. ಇದನ್ನೆಲ್ಲ ನಾವೇ ಕಟ್ಟಿಕೊಳ್ಳಬೇಕು, ಓಪನ್‌ಸಾಲ್ವರಿನಿಂದ ಯಾವ ನೆರವೂ ಸಿಗದು. ಹಣ ಕೊಟ್ಟು ಕೊಳ್ಳುವ ಕಟಿಂಗ್ ತಂತ್ರಾಂಶಗಳು ಮುಂದಿರುವುದು ಈ ವಿಷಯದಲ್ಲಿ. ಅವು ಪ್ಯಾಟರ್ನನ್ನು ತಾವೇ ಹುಟ್ಟಿಸುತ್ತವೆ, ಪಟ್ಟಿಯನ್ನು ಚಿತ್ರವಾಗಿ ಬರೆದು ತೋರಿಸುತ್ತವೆ.

ಎಕ್ಸೆಲ್ ಪರವಾನಗಿಯೇ ಇಲ್ಲದವರು ಲಿಬ್ರೆಆಫೀಸ್ ಕ್ಯಾಲ್ಕ್ ನೋಡಬಹುದು. ಓಪನ್‌ಸಾಲ್ವರ್ ಅಲ್ಲಿ ಕೆಲಸ ಮಾಡದು, ಆದರೆ ಪೂರ್ಣಾಂಕದ ಲೆಕ್ಕ ಬಿಡಿಸುವ ಸಾಲ್ವರ್ ಅದರಲ್ಲೇ ಇದೆ, ಇದೇ ಪ್ಯಾಟರ್ನ್ ಹಾಳೆ ಅಲ್ಲಿಯೂ ನಡೆಯುತ್ತದೆ. ಸ್ಕೆಚ್‌ಅಪ್‌ನಲ್ಲಿ ಡ್ರಾಯಿಂಗ್ ಮಾಡುವವರಿಗೆ ಓಪನ್‌ಕಟ್‌ಲಿಸ್ಟ್ ಎಂಬ ಉಚಿತ ವಿಸ್ತರಣೆ ಹೆಚ್ಚು ಹಿಡಿಸಬಹುದು. ಅದು ಮರಗೆಲಸದವರಿಗಾಗಿ ಹುಟ್ಟಿದ್ದಾದರೂ, ಉದ್ದದ ಮಾಲಿನ ಕಟಿಂಗ್ ಪಟ್ಟಿಯನ್ನು ಗರಗಸದ ದಪ್ಪ ಸಹಿತ ಮಾದರಿಯಿಂದಲೇ ತೆಗೆದು ಚಿತ್ರವಾಗಿ ಕೊಡುತ್ತದೆ. ಸ್ಕೆಚ್‌ಅಪ್ ಗೊತ್ತಿಲ್ಲದವರು ಇದೊಂದಕ್ಕಾಗಿ ಅದನ್ನು ಕಲಿಯಹೊರಡುವುದು ವ್ಯರ್ಥ.

ಹಾಗಾದರೆ ಯಾರು ಬಳಸಬೇಕು? ಒಂದೇ ಸೆಕ್ಷನ್ನಿನಲ್ಲಿ ನಾಲ್ಕಾರು ಅಳತೆಗಳು, ಇಪ್ಪತ್ತು ಲೆಂತ್‌ಗಿಂತ ಹೆಚ್ಚು ಮಾಲು ಬೇಕಾಗುವ ಶೆಡ್ಡು, ಮೆಟ್ಟಿಲು, ಕಾಂಪೌಂಡ್ ರೇಲಿಂಗ್, ಸೋಲಾರ್ ಸ್ಟ್ರಕ್ಚರಿನಂಥ ಕೆಲಸ ಮಾಡುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಒಂದೊಂದು ಗೇಟು, ಕಿಟಕಿ ಗ್ರಿಲ್ಲು ಮಾಡುವ ಅಂಗಡಿಗೆ ಟೇಪು ಮತ್ತು ಅನುಭವವೇ ಸಾಕು. ನೂರಾರು ಟನ್ ಕೆಲಸ ಮಾಡುವ ಕಾರ್ಖಾನೆ ಹಣ ಕೊಟ್ಟು ಸಿದ್ಧ ತಂತ್ರಾಂಶ ಕೊಳ್ಳುವುದೇ ಸರಿ, ಅಲ್ಲಿ ಎಂಜಿನಿಯರನ ಸಮಯ ಪರವಾನಗಿ ಶುಲ್ಕಕ್ಕಿಂತ ದುಬಾರಿ.

ಯಾರೇ ಬಳಸಲಿ, ಈ ಹಾಳೆಯನ್ನು ತೆರೆಯಬೇಕಾದದ್ದು ಡೀಲರಿಗೆ ಆರ್ಡರ್ ಕೊಡುವ ಮೊದಲು. ಮಾಲು ಬಂದು ಇಳಿದ ಮೇಲೆ ಬಿಡಿಸಿದರೆ ಉಳಿಯುವ 4 ಲೆಂತ್ ಮುಂದಿನ ಕೆಲಸದವರೆಗೆ ತುಕ್ಕು ಹಿಡಿಯುತ್ತ ಬಿದ್ದಿರುತ್ತವೆ, ಅವಕ್ಕೆ ಹಾಕಿದ ಹಣ ಮತ್ತು ಶೇಕಡಾ 18ರ ಜಿಎಸ್‌ಟಿ ಅಷ್ಟು ದಿನ ಸಿಕ್ಕಿಕೊಂಡಿರುತ್ತದೆ. ಕೊಟೇಶನ್ ಬರೆಯುವಾಗಲೇ ಬಿಡಿಸಿದರೆ, ವೇಸ್ಟೇಜ್ ಎಂದು ಕಣ್ಣಂದಾಜಿನಲ್ಲಿ ಸೇರಿಸುತ್ತಿದ್ದ ಶೇಕಡಾವಾರಿನ ಜಾಗದಲ್ಲಿ ನಿಜವಾದ ಲೆಂತ್‌ಗಳ ಸಂಖ್ಯೆ ಬಂದು ಕೂರುತ್ತದೆ. ಮೇಲಿನ ಮೊದಲ ಉದಾಹರಣೆಯಲ್ಲಿ ನಿವ್ವಳ ತೂಕದ ಮೇಲೆ ಶೇಕಡಾ 10 ಸೇರಿಸಿದ್ದರೆ ಸುಮಾರು 585 ಕೆ.ಜಿ. ಆಗುತ್ತಿತ್ತು, ಅಂದರೆ 22 ಲೆಂತ್. ಉದ್ದದ್ದನ್ನು ಮೊದಲು ಕತ್ತರಿಸುವವರಿಗೆ ಅದು ಸಾಲದೆ ನಡುವೆ ಇನ್ನೆರಡು ಲೆಂತ್‌ಗೆ ಆಟೋ ಕಳಿಸಬೇಕು, ಹಾಳೆಯಂತೆ ಕತ್ತರಿಸುವವರಿಗೆ ಎರಡು ಲೆಂತ್ ದಂಡ.